ಬಂಡೆ ಒಣಗುವ ಕಾಲ

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು "ಟೂರಿಸಂನಲ್ಲಿದ್ದಾಳೆ" ಎಂದು ಮಾತು ಮುಗಿಸುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಕೇಳಿದವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಹೋಟೆಲ್ಲಾ, ಟ್ರಾವೆಲ್ಸಾ ಎಂದು ಬೆನ್ನು ಹತ್ತುತ್ತಿದ್ದರು. ಕೊನೆಗೆ ಇದ್ದದ್ದನ್ನು ಹೇಳಲೇಬೇಕಾಗುತ್ತಿತ್ತು.

ಮಳವಳ್ಳಿಯಿಂದ ಮುತ್ತತ್ತಿ ಕಡೆಗೆ ಹೋಗುವಾಗ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ದೊಡ್ಡ ಬಂಡೆಗುಡ್ಡ ಇದೆ. ಅದರ ಮೈಗೆ ಕಬ್ಬಿಣದ ಬಳೆಗಳನ್ನು ಹೊಡೆದು ಮೆಟ್ಟಿಲು ಮಾಡಿದ್ದಾರೆ. ಬುಡದಿಂದ ತುದಿಯವರೆಗೆ ಉಕ್ಕಿನ ಹಗ್ಗ ಎಳೆದಿದ್ದಾರೆ. ಬಂದವರ ಸೊಂಟಕ್ಕೆ ಪಟ್ಟಿ ಬಿಗಿದು, ಪಟ್ಟಿಯಿಂದ ಇಳಿಬಿದ್ದ ಎರಡು ಕೊಂಡಿಗಳನ್ನು ಆ ಹಗ್ಗಕ್ಕೆ ಸಿಕ್ಕಿಸಿ, ತಾನು ಮುಂದೆ ನಡೆದು ಅವರನ್ನು ಮೇಲಕ್ಕೆ ಹತ್ತಿಸುವುದು ನನ್ನ ಮಗಳ ಕೆಲಸ. ವಿಯಾ ಫೆರಾಟಾ ಎಂದು ಅದರ ಹೆಸರು. ಇಟಲಿಯ ಮಾತಂತೆ, ಕಬ್ಬಿಣದ ದಾರಿ ಎಂದು ಅರ್ಥವಂತೆ. ನಮ್ಮ ಮನೆಯಲ್ಲಿ ಯಾರ ಬಾಯಿಗೂ ಆ ಹೆಸರು ಹತ್ತಲಿಲ್ಲ. "ಬಂಡೆ ಕೆಲಸ" ಎನ್ನುತ್ತಿದ್ದೆವು. ಅದನ್ನು ಕೇಳಿ ನಮ್ಮ ಬೀದಿಯ ಹೆಂಗಸೊಬ್ಬರು, "ಅಯ್ಯೋ, ಅಷ್ಟು ಓದಿಸಿ ಕಲ್ಲು ಕ್ವಾರಿಗೆ ಕಳಿಸಿದ್ರಾ?" ಎಂದು ಮರುಗಿದ್ದರು.

ನಾನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ, ಬಿತ್ತನೆ ಬೀಜದ ವಿಭಾಗದಲ್ಲಿ ಸಹಾಯಕಿ. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ರಿಟೈರಾದವರು. ಒಬ್ಬಳೇ ಮಗಳು. ಚಿಕ್ಕಂದಿನಿಂದ ಓಟ, ಕಬಡ್ಡಿ ಎಂದು ಮೈದಾನದಲ್ಲೇ ಬೆಳೆದಳು. ದೈಹಿಕ ಶಿಕ್ಷಣದ ಪದವಿ ಮಾಡಿದಾಗ ಎಲ್ಲಾದರೂ ಪಿ.ಟಿ. ಟೀಚರ್ ಆಗುತ್ತಾಳೆ ಎಂದುಕೊಂಡಿದ್ದೆವು. ಅವಳು ಹಿಮಾಲಯದ ಕಡೆ ಬೆಟ್ಟ ಹತ್ತುವ ತರಬೇತಿಗೆ ಹೋಗಿ, ಮೂಗು ಕೆನ್ನೆ ಸುಟ್ಟುಕೊಂಡು ಬಂದು, ಈ ಕೆಲಸಕ್ಕೆ ಸೇರಿಕೊಂಡಳು. ವಾರದಲ್ಲಿ ಒಂದು ದಿನ ಮನೆಗೆ ಬರುತ್ತಿದ್ದಳು. ಅಂಗೈ ತುಂಬ ದಡ್ಡು. ಮುದ್ದೆ ಮುರಿಯುವಾಗ ಆ ಕೈ ನೋಡಿ ನನಗೆ ಸಂಕಟವಾಗುತ್ತಿತ್ತು, ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಗಂಡು ನೋಡಲು ಶುರು ಮಾಡಿದಾಗ ತೊಂದರೆ ಆದದ್ದು ಇದೇ ಕೆಲಸದಿಂದ. ಜಾತಕ ಕೂಡುತ್ತಿತ್ತು, ಹುಡುಗಿ ಒಪ್ಪಿಗೆಯಾಗುತ್ತಿದ್ದಳು, ಕೆಲಸದ ಮಾತು ಬಂದಾಗ ಮಾತ್ರ "ಮದುವೆ ಆದ್ಮೇಲೆ ಬುಡ್ತಾಳಲ್ಲ?" ಎಂಬ ಪ್ರಶ್ನೆ ಬರುತ್ತಿತ್ತು. ಮಗಳು "ಬಿಡಲ್ಲ" ಎನ್ನುತ್ತಿದ್ದಳು. ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮಣ್ಣ ಆ ವರ್ಷ ಮದ್ದೂರಿನ ಒಂದು ಸಂಬಂಧ ತಂದ. ಹುಡುಗ ಮದ್ದೂರಿನ ಪಕ್ಕದಲ್ಲೇ ಆಲೆಮನೆ ನಡೆಸುತ್ತಿದ್ದ. ಕಬ್ಬು ಅರೆದು, ರಾಸಾಯನಿಕ ಹಾಕದೆ ಬೆಲ್ಲ ತೆಗೆದು ಅಚ್ಚು ಕಟ್ಟಿ ಮಾರುವುದು. ತಂದೆ ತೀರಿಕೊಂಡಿದ್ದರು. ತಾಯಿ ಮದ್ದೂರಿನಲ್ಲೇ ಹೈಸ್ಕೂಲ್ ಟೀಚರ್. ಮಗನಿಗಿಂತ ತಾಯಿಯದೇ ದರ್ಬಾರು ಎಂದು ಅಣ್ಣ ಮೊದಲೇ ಎಚ್ಚರಿಸಿದ್ದ.

ಮುಂಗಾರು ಆಗಷ್ಟೇ ಶುರುವಾಗಿದ್ದ ಒಂದು ಭಾನುವಾರ ಅವರು ಬಂದರು. ಟೀಚರು ಎತ್ತರದ ಹೆಂಗಸು, ಗಟ್ಟಿ ದನಿ. ಕೂತ ಕಡೆಯಿಂದಲೇ ನಮ್ಮ ಗೋಡೆ, ಕ್ಯಾಲೆಂಡರು, ಟಿ.ವಿ. ಮೇಲಿನ ಧೂಳು ಎಲ್ಲವನ್ನೂ ನೋಡಿ ಮುಗಿಸಿದರು. ಆಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೆಲಸದ ಬಗ್ಗೆ ಕೇಳಿದರು. ಅವಳು ಹೇಳಿದಳು. ನಾನು "ಬಿಡ್ತಾಳಲ್ಲ?" ಎಂಬ ಪ್ರಶ್ನೆಗೆ ಕಾಯುತ್ತಿದ್ದೆ. ಟೀಚರು ಬೇರೆಯೇ ಹೇಳಿದರು.

"ನೋಡವ್ವ, ನರ್ಸು ಅಂದ್ರೆ ನನಗೆ ಗೊತ್ತು, ಟೀಚರ್ ಅಂದ್ರೆ ಗೊತ್ತು. ಈ ಕೆಲಸ ಏನು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ದೆ ಹೂಂ ಅನ್ನೋದೂ ತಪ್ಪು, ಉಹೂಂ ಅನ್ನೋದೂ ತಪ್ಪು. ನಾನೇ ಒಂದ್ಸಲ ಹತ್ತಿ ನೋಡ್ತೀನಿ."

ಅವರ ಮಗ ತಲೆ ತಗ್ಗಿಸಿ ನಕ್ಕ. ನನ್ನ ಮಗಳು ಮಾತ್ರ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದಳು.

"ಆಷಾಢದಲ್ಲಿ ಇಟ್ಕೊಳ್ಳೋಣ," ಟೀಚರೇ ತೀರ್ಮಾನಿಸಿದರು. "ಮದುವೆ ಮುಂಜಿ ಯಾವುದೂ ಇರಲ್ಲ. ಮಳೇಲಿ ಒಲೆಗೆ ಹಾಕೋ ಕಬ್ಬಿನ ಸಿಪ್ಪೆ ಒಣಗಲ್ಲ ಅಂತ ಇವನ ಆಲೆಮನೇನೂ ನಿಂತಿರ್ತದೆ. ಒಂದು ಭಾನುವಾರ ಬರ್ತೀವಿ."

"ಆಷಾಢದಲ್ಲಿ ಆಗಲ್ಲ ಆಂಟಿ," ಎಂದಳು ಮಗಳು.

"ಯಾಕೆ? ನೀನೂ ಆಷಾಢ ಮಾಡ್ತೀಯಾ?"

"ನಾನು ಮಾಡಲ್ಲ. ಬಂಡೆ ಒದ್ದೆ ಇರ್ತದೆ, ಹತ್ತಿಸಲ್ಲ."

"ಮತ್ತೆ ಯಾವಾಗ?"

"ಮಳೆ ಪೂರ್ತಿ ನಿಂತು ಬಂಡೆ ಒಣಗಬೇಕು. ಹೆಜ್ಜೇನು ಬಂದು ಎಲ್ಲಿ ಕೂತ್ವು ಅಂತ ಗೊತ್ತಾಗಬೇಕು. ಬಿಸಿಲು ಏರೋಕೆ ಮುಂಚೆ ಮುಗೀಬೇಕು. ಡಿಸೆಂಬರಿಂದ ಫೆಬ್ರವರಿ ಒಳಗೆ ಬನ್ನಿ."

ಗಂಡಿನ ಕಡೆಯವರಿಗೆ ಅರ್ಧ ವರ್ಷ ಕಾಯಿರಿ ಎಂದು ಹೆಣ್ಣು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಟೀಚರು ಕಾಫಿ ಲೋಟ ಕೆಳಗಿಟ್ಟು, "ಸರಿ, ನೋಡೋಣ" ಎಂದು ಎದ್ದರು. ನೋಡೋಣ ಎಂದರೆ ನಮ್ಮ ಕಡೆ ಇಲ್ಲ ಎಂದೇ ಅರ್ಥ.

ಅವರ ಕಾರು ಬೀದಿ ತಿರುಗುವುದನ್ನೇ ಕಾದಿದ್ದು ಅಣ್ಣ ಶುರು ಮಾಡಿದ. "ಅಲ್ಲ ಕಣವ್ವ, ಮಳೆ ಬಂದ್ರೆ ಬಂಡೆ ಕರಗೋಯ್ತದಾ? ಮಳೇಲಿ ನಾವು ಗದ್ದೇಲಿ ಗೇಯಲ್ವಾ? ಎರಡು ಮೆಟ್ಲು ಅತ್ತಿಸಿ, ಫೋಟೋ ಇಡ್ದು, ಇಳಿಸಿದ್ರೆ ಮುಗೀತಿತ್ತು."

"ಗದ್ದೇಲಿ ಜಾರಿದ್ರೆ ಕೆಸರಾಗ್ತದೆ ಮಾವ," ಎಂದಳು ಅವಳು. "ಅಲ್ಲಿ ಜಾರಿದ್ರೆ ಕೊಂಡಿ ಜೀವ ಏನೋ ಉಳಿಸ್ತದೆ. ಆದ್ರೆ ಅದು ಹಿಡಿಯೋ ಹೊತ್ತಿಗೆ ಮೊಣಕಾಲು, ಹಲ್ಲು ಎಲ್ಲಾ ಬಂಡೆಗೆ ಕೊಟ್ಟಿರ್ತೀವಿ."

ನನಗೆ ಬೇರೆ ಅನುಮಾನ. ಹುಡುಗ ಇಷ್ಟವಾಗದೆ, ಅದನ್ನು ಬಾಯಿಬಿಟ್ಟು ಹೇಳಲಾರದೆ, ಮಳೆಯ ನೆವ ಹಿಡಿದಿದ್ದಾಳೇನೋ ಎಂದು. ಅಲ್ಲಿಯವರೆಗೆ ನಾನು ಆ ಜಾಗವನ್ನು ನೋಡಿರಲೇ ಇಲ್ಲ. ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಹೋಗಿರಲಿಲ್ಲ. ಆಷಾಢದ ಒಂದು ರಜೆಯ ದಿನ, ಹೇಳದೆ ಕೇಳದೆ ಮಳವಳ್ಳಿಯ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡಿದಾಗ ಅವಳು ಬೈದುಕೊಂಡೇ ಸ್ಕೂಟರಿನಲ್ಲಿ ಬಂದಳು.

ಬಂಡೆ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು. ಕಪ್ಪಗೆ ಒದ್ದೆಯಾಗಿ ನಿಂತಿತ್ತು. ಮೇಲಿನ ಸೀಳುಗಳಿಂದ ನೀರು ಸಣ್ಣಗೆ ಇಳಿಯುತ್ತಿತ್ತು, ಇಳಿದ ಕಡೆಯಲ್ಲೆಲ್ಲ ಹಸಿರು ಪಾಚಿ. ಗಾಳಿ ಎಂದರೆ ಆಷಾಢದ ಗಾಳಿ, ಸೆರಗು ನಿಲ್ಲಲಿಲ್ಲ. ಜನರನ್ನು ಹತ್ತಿಸುವುದು ನಿಂತಿತ್ತು. ಅವಳೂ ಜೊತೆಯ ಕೆಲಸಗಾರರೂ ಹಗ್ಗಕ್ಕೆ ಗ್ರೀಸು ಹಚ್ಚುವುದು, ಬಳೆಗಳನ್ನು ಒಂದೊಂದಾಗಿ ಬಡಿದು ಸಡಿಲಾಗಿದೆಯಾ ನೋಡುವುದು, ತುಕ್ಕು ಉಜ್ಜುವುದು ಮಾಡುತ್ತಿದ್ದರು. ಅದನ್ನೂ ಮಳೆ ನಿಂತ ಹೊತ್ತಿನಲ್ಲಿ, ಬುಡದ ಹತ್ತಿರ ಮಾತ್ರ.

"ಇಲ್ಲಿ ನಿಲ್ಲು ಬಾ," ಎಂದು ನನ್ನನ್ನು ಮೊದಲನೆಯ ಬಳೆಯ ಮೇಲೆ ನಿಲ್ಲಿಸಿದಳು. ನೆಲದಿಂದ ಮೊಣಕಾಲೆತ್ತರವೂ ಇರಲಿಲ್ಲ. ನಿಂತೆ. ಎರಡನೆಯದಕ್ಕೆ ಕಾಲೆತ್ತಿದೆ ಅಷ್ಟೆ, ಚಪ್ಪಲಿ ಜಾರಿ ಅವಳ ತೋಳಿನ ಮೇಲೆ ಬಿದ್ದೆ.

"ಇದು ನೆಲದ ಹತ್ರ," ಎಂದಳು. ಆಮೇಲೆ ಮೇಲಕ್ಕೆ ಕೈ ತೋರಿಸಿ, "ಬುಡದಿಂದ ತುದಿ ತನಕ ಕಬ್ಬಿಣ. ಗುಡುಗು ಸಿಡಿಲು ಬಂದ್ರೆ ಇದನ್ನ ಹಿಡ್ಕೊಂಡು ನಿಂತೋರ ಗತಿ ಏನು, ನೀನೇ ಹೇಳು."

ಬೇಸಿಗೆಯಲ್ಲಿ ಹೇಗೆ ಎಂದು ಕೇಳಿದೆ. ಏಪ್ರಿಲ್ ತಿಂಗಳಲ್ಲಿ ಬೆಳಗಿನ ತಿಂಡಿ ಹೊತ್ತಿಗೇ ಬಳೆ ಮುಟ್ಟಲಾಗುವುದಿಲ್ಲವಂತೆ, ಬಂಡೆಯ ಝಳಕ್ಕೆ ಅರ್ಧ ದಾರಿಯಲ್ಲೇ ತಲೆ ಸುತ್ತಿ ಕೂತವರನ್ನು ಇಳಿಸುವುದೇ ಕೆಲಸವಾಗುತ್ತದಂತೆ. ಫಾರಂನಲ್ಲಿ ನಾವು ರೈತರಿಗೆ ಇಂಥ ತಳಿಯನ್ನು ಇಂಥ ಹದದಲ್ಲಿ ಬಿತ್ತಿ ಎಂದು ದಿನವೂ ಹೇಳುತ್ತೇವೆ. ಕಲ್ಲಿಗೂ ಹದ ಇರುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ತಗಡಿನ ಶೆಡ್ಡಿನ ಕೆಳಗೆ ಕೂತು ಟೀ ಕುಡಿಯುವಾಗ ಕೇಳಿಯೇಬಿಟ್ಟೆ. "ಈ ಸಂಬಂಧ ಬೇಡ ಅಂತ ದಿನ ತಳ್ತಿದ್ದೀಯಾ?"

"ಬೇಡ ಅನ್ನೋಕೆ ನಂಗೆ ಮಳೆ ಯಾಕಮ್ಮ ಬೇಕು? ಬೇಡ ಆದ್ರೆ ಬೇಡ ಅಂತೀನಿ." ಲೋಟ ಕೆಳಗಿಟ್ಟಳು. "ಇಷ್ಟು ಜನ ಬಂದು ನೋಡ್ಕೊಂಡು ಹೋದ್ರಲ್ಲ. ಹತ್ತಿ ನೋಡ್ತೀನಿ ಅಂದೋರು ಆ ಟೀಚರೊಬ್ರೇ. ಅವರು ಒದ್ದೇಲಿ ಜಾರಿ, ಹೆದರಿ, ಇದು ಕೆಟ್ಟ ಕೆಲಸ ಅಂತ ಅಂದ್ಕೊಂಡು ಹೋಗ್ಬಾರ್ದು. ಇರೋದ್ರಲ್ಲಿ ಒಳ್ಳೆ ದಿನಾನೇ ಅವರಿಗೆ ಕೊಡ್ಬೇಕು ಕಣಮ್ಮ."

ನಾನು ಟೀ ಮುಗಿಸಿದೆ. ಸಂಜೆ ಮನೆಗೆ ಬಂದು ನಾನೇ ಟೀಚರಿಗೆ ಫೋನ್ ಮಾಡಿದೆ. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ, ಚಪ್ಪಲಿ ಜಾರಿದ್ದನ್ನೂ ಸೇರಿಸಿ. ಅವರು ಕೇಳಿಸಿಕೊಂಡು, "ಆಯ್ತು ಬಿಡಿ, ಕಾಯ್ತೀವಿ. ನಮಗೂ ಅಂಥ ಅವಸರ ಏನಿಲ್ಲ" ಎಂದರು. ಅವಸರ ಇದ್ದಿದ್ದು ಅಣ್ಣನಿಗೆ ಮಾತ್ರ.

ದೀಪಾವಳಿ ಹೊತ್ತಿಗೆ ಮಳೆ ಹಿಂದೆ ಸರಿಯಿತು. ಟೀಚರು ಫೋನ್ ಮಾಡಿ, "ಈಗ ಬಿಸಿಲು ಬಿದ್ದಿದೆಯಲ್ಲ" ಎಂದರು. ಮಗಳನ್ನು ಕೇಳಿದೆ. ಆಗ ಹೆಜ್ಜೇನು ಬರುವ ಸಮಯ. ಎಲ್ಲೆಲ್ಲಿಂದಲೋ ಹಿಂಡು ಹಿಂಡಾಗಿ ಬಂದು, ಬಂಡೆಯ ಚಾಚಿನ ಕೆಳಗೆ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಜಾಗ ಹಿಡಿದು ಕೂತ ಮೇಲೆ ಆ ಭಾಗ ಬಿಟ್ಟು ಈಚೆಯ ದಾರಿಯಲ್ಲಿ ಹತ್ತಬಹುದು. ಹುಡುಕುತ್ತಿರುವಾಗ ಮಾತ್ರ ಹತ್ತಿರ ಹೋಗಬಾರದು. ಎಲ್ಲಿ ಕೂರುತ್ತವೆಂದು ಹೇಳಲಾಗುವುದಿಲ್ಲ, ಹಗ್ಗಕ್ಕೆ ಸಿಕ್ಕಿಕೊಂಡ ಮನುಷ್ಯ ಓಡುವಂತೆಯೂ ಇಲ್ಲ. ಇದನ್ನು ಟೀಚರಿಗೆ ಹೇಳಿದೆ. "ನಿಮ್ ಮಗಳ ಬಂಡೆಗೆ ಆಫೀಸರ್‌ಗಿಂತ ಜಾಸ್ತಿ ರಜ ಇದೆ," ಎಂದು ಫೋನ್ ಇಟ್ಟರು.

ಕೊನೆಗೆ ಡಿಸೆಂಬರಿನ ಒಂದು ಭಾನುವಾರ ಗೊತ್ತಾಯಿತು. ಮಗಳೇ ಗೊತ್ತು ಮಾಡಿದ ದಿನ. ಆ ವಾರ ಚೆನ್ನೈ ಕಡೆ ಸೈಕ್ಲೋನು ಎದ್ದು ನಮ್ಮಲ್ಲಿ ಮೋಡ ಮುಚ್ಚಿಕೊಂಡಿತು. ಕೊಯ್ದ ಭತ್ತವನ್ನು ಗದ್ದೆಯಲ್ಲಿ ಬಿಟ್ಟಿದ್ದವರು ಟಾರ್ಪಾಲಿಗೆ ಓಡಾಡುತ್ತಿದ್ದರು. ನಾನು ಮಗಳಿಗೆ ಹೇಳಿದೆ, ಈ ಜಡಿಮಳೆ ಇನ್ನೂ ಇರುತ್ತದೆ, ಮುಂದಕ್ಕೆ ಹಾಕು ಎಂದು. ಶನಿವಾರ ನಿಲ್ಲುತ್ತದೆ ಎಂದಳು. ಶನಿವಾರ ನಿಂತಿತು ಕೂಡ. ಮತ್ತೊಮ್ಮೆ ಬೇಡ ಎಂದು ಫೋನ್ ಮಾಡಲು ಅವಳಿಗೆ ಮುಖವಿರಲಿಲ್ಲ ಎಂದು ಕಾಣುತ್ತದೆ.

ಭಾನುವಾರ ಬೆಳಿಗ್ಗೆ ನಾವೆಲ್ಲ ಬಂಡೆಯ ಬುಡದಲ್ಲಿ ಸೇರಿದೆವು. ಮಳೆ ಇರಲಿಲ್ಲ, ಮಂಜು ಇತ್ತು. ಬಂಡೆ ಅರ್ಧಕ್ಕಿಂತ ಮೇಲೆ ಕಾಣುತ್ತಲೇ ಇರಲಿಲ್ಲ. ಟೀಚರು ಚೂಡಿದಾರ ಹಾಕಿಕೊಂಡು ಬಂದಿದ್ದರು. ಅವರು ಸೀರೆ ಬಿಟ್ಟು ಬೇರೆ ಉಟ್ಟಿದ್ದನ್ನು ಮಗನೂ ಅದೇ ಮೊದಲು ನೋಡಿದ್ದಂತೆ. ಇದಕ್ಕಾಗಿಯೇ ಹೊಲಿಸಿದ್ದು. ಅವರು ಅದರ ವೇಲನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತ ಕಾರಿನ ಪಕ್ಕ ನಿಂತಿದ್ದರು. ಬಿಸಿಲು ಬಂದರೆ ಒಣಗುತ್ತದೆ ಎಂದು ಕಾದೆವು. ತಂದ ಇಡ್ಲಿ ತಿಂದೆವು, ಮತ್ತೆ ಕಾದೆವು. ಬಿಸಿಲು ಬರಲಿಲ್ಲ. ಮಗಳು ಆಗಾಗ ಹೋಗಿ ಬಂಡೆಯ ಮೇಲೆ ಅಂಗೈ ಇಟ್ಟು ನೋಡಿ ಬರುತ್ತಿದ್ದಳು. ಕೊನೆಯ ಸಲ ಬಂದವಳೇ, "ಇವತ್ತು ಆಗಲ್ಲ ಆಂಟಿ" ಎಂದಳು.

"ನೀನೇ ಕೊಟ್ಟ ದಿನ ತಾನೆ ಇದು?"

"ಹೌದು. ನಾನು ಕೊಟ್ಟಿದ್ದೇ ತಪ್ಪಾಯ್ತು. ಆದ್ರೂ ಹತ್ತಿಸಲ್ಲ."

ಟೀಚರ ಮುಖ ಬಿಗಿಯಿತು. ಅವರು ಹೊರಟೇಬಿಡುತ್ತಿದ್ದರು. ತಡೆದವನು ಅವರ ಮಗ. "ಇಷ್ಟು ದೂರ ಬಂದಿದ್ದೀವಿ, ಮುತ್ತತ್ತಿಗೆ ಹೋಗಿ ಕೈ ಮುಗಿದು ಹೋಗೋಣ ಬಾಮ್ಮ," ಎಂದ. ದೇವರ ಹೆಸರು ಎತ್ತಿದ್ದರಿಂದ ಅವರಿಗೆ ಬೇಡ ಎನ್ನಲಾಗಲಿಲ್ಲ.

ಹಾಗೆ ಎಲ್ಲರೂ ಮುತ್ತತ್ತಿಗೆ ಹೋದೆವು. ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ, ಹೊಳೆಯ ದಂಡೆಯಲ್ಲಿ ಮರದ ಕೆಳಗೆ ಕೂತು ನಾನು ತಂದಿದ್ದ ಚಿತ್ರಾನ್ನ ಬಿಚ್ಚಿದೆವು. ಟೀಚರು ಬಾಯಿಗಿಡುವಷ್ಟರಲ್ಲಿ ಒಂದು ಮುದಿ ಕೋತಿ ಬಂದು ಅವರ ತಟ್ಟೆಯನ್ನೇ ಎತ್ತಿಕೊಂಡು ಹೋಯಿತು. ನಾನು ನಗು ತಡೆದುಕೊಂಡೆ. ನಮ್ಮ ಯಜಮಾನರು ತಡೆದುಕೊಳ್ಳಲಿಲ್ಲ. ಟೀಚರು ಅವರನ್ನೊಮ್ಮೆ ದುರುಗುಟ್ಟಿ ನೋಡಿ, ಆಮೇಲೆ ತಾವೂ ನಕ್ಕರು. ಆದರೂ ಮಗಳ ಜೊತೆ ಮಾತಾಡಲಿಲ್ಲ.

ಹುಡುಗ ಮಾತಾಡಿದ. ನೀರಿನ ಹತ್ತಿರ ಇಬ್ಬರೂ ನಿಂತಿದ್ದರು, ನಾನು ಕೈ ತೊಳೆಯಲು ಹೋದಾಗ ಒಂದಿಷ್ಟು ಕಿವಿಗೆ ಬಿತ್ತು. "ಅಮ್ಮ ಎರಡು ದಿನ ಉರೀತಾರೆ, ಆಮೇಲೆ ಸರಿ ಹೋಯ್ತಾರೆ. ಆಲೆಮನೇಲೂ ಹಂಗೇ. ಪಾಕ ಹದಕ್ಕೆ ಬರ್ದೆ ಯಾರೋ ಗಡಿಬಿಡಿ ಮಾಡಿದ್ರು ಅಂತ ಕೊಪ್ಪರಿಗೆ ಇಳಿಸಿದ್ರೆ ಬೆಲ್ಲ ಕೂರಲ್ಲ. ನೀವು ಬೇಡ ಅಂದಿದ್ದೇ ಸರಿ." ಮಗಳು ಏನು ಹೇಳಿದಳೋ ಕೇಳಿಸಲಿಲ್ಲ. ಬರುವಾಗ ಸ್ಕೂಟರಿನ ಹಿಂದೆ ಕೂತ ನನ್ನ ಜೊತೆ ಎಂದಿಗಿಂತ ಹೆಚ್ಚು ಮಾತಾಡಿದಳು, ಎಲ್ಲವೂ ಬೆಲ್ಲದ ಬಗ್ಗೆ.

ಸಂಕ್ರಾಂತಿ ಕಳೆಯಿತು. ಎಳ್ಳು ಬೆಲ್ಲಕ್ಕೆ ಅವರ ಆಲೆಮನೆಯ ಅಚ್ಚು ಬಂತು, ಹುಡುಗನೇ ತಂದುಕೊಟ್ಟ. ಅಣ್ಣ ಅಷ್ಟರಲ್ಲಿ ಇನ್ನೊಂದು ಸಂಬಂಧ ಹಿಡಿದು ತಂದಿದ್ದ. "ಅವರಿಗೆ ಮಾತು ಕೊಟ್ಟಿದ್ದೀನಿ, ಹತ್ತಿಸೋ ತನಕ ಬೇರೆಯೋರು ಬೇಡ" ಎಂದು ಮಗಳು ಕಡ್ಡಿ ಮುರಿದಂತೆ ಹೇಳಿದಳು. ಫೆಬ್ರವರಿ ಮೊದಲ ವಾರ ಅವಳೇ ಟೀಚರಿಗೆ ನೇರವಾಗಿ ಫೋನ್ ಮಾಡಿದಳು. "ಈ ಭಾನುವಾರ ಬನ್ನಿ ಆಂಟಿ. ಈ ಸಲ ನಿನ್ನೆ ಮೊನ್ನೆ ನೋಡಿ ಹೇಳ್ತಿಲ್ಲ. ವಾರ ಪೂರ್ತಿ ನೋಡಿ ಹೇಳ್ತಿದ್ದೀನಿ."

ಆ ಬೆಳಿಗ್ಗೆ ಬಂಡೆ ಬೂದು ಬಣ್ಣಕ್ಕಿತ್ತು. ಮುಟ್ಟಿದರೆ ತಣ್ಣಗೆ, ಒಣಗಿದ ಒರಳುಕಲ್ಲಿನ ಹಾಗೆ ಒರಟು. ಆಕಾಶದಲ್ಲಿ ಒಂದು ಮೋಡವಿಲ್ಲ, ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ದೂರದಲ್ಲಿ, ಬಂಡೆಯ ಆಚೆ ಬದಿಯ ಚಾಚಿನ ಕೆಳಗೆ ಹೆಜ್ಜೇನಿನ ಗೂಡುಗಳು ಕಪ್ಪಗೆ ನೇತಾಡುತ್ತಿದ್ದವು. ನಮ್ಮ ದಾರಿ ಈಚೆ ಬದಿಯದು.

ಟೀಚರು ಅದೇ ಚೂಡಿದಾರದಲ್ಲಿ ಬಂದಿದ್ದರು. ತಲೆಗೆ ಮಾತ್ರ ಒಂದು ಮೊಳ ಮಲ್ಲಿಗೆ. ಮಗಳು ಅದನ್ನು ತೆಗೆಯಲು ಹೇಳಿದಳು, ವಾಸನೆಗೆ ಹುಳ ಬರುತ್ತದೆಂದು. ಟೀಚರು ಒಂದು ಮಾತೂ ಆಡದೆ ತೆಗೆದು ಕಾರಿನೊಳಗೆ ಇಟ್ಟರು. ನಾನೂ ಹತ್ತುತ್ತೇನೆಂದು ಹೇಳಿದ್ದು ಆಗಲೇ. ಯಾಕೆ ಹೇಳಿದೆನೋ ಗೊತ್ತಿಲ್ಲ. ಬೇರೆ ಮನೆಯ ಹೆಂಗಸು ಹತ್ತಲು ನಿಂತಿರುವಾಗ ಹೆತ್ತವಳು ಕೆಳಗೆ ಕೂರುವುದು ಸರಿ ಕಾಣಲಿಲ್ಲ. ನಮ್ಮ ಯಜಮಾನರು, "ನಾನು ಇಲ್ಲೇ ಇರ್ತೀನಿ. ಯಾರಾದ್ರೂ ಒಬ್ರು ಉಳ್ಕೋಬೇಕಲ್ಲ ಕಣೆ" ಎಂದು ಫ್ಲಾಸ್ಕು ಹಿಡಿದು ಕಲ್ಲಿನ ಮೇಲೆ ಕೂತರು. ಜೀವಮಾನವೆಲ್ಲ ಘಾಟಿ ರಸ್ತೆಯಲ್ಲಿ ಬಸ್ಸು ಓಡಿಸಿದ ಮನುಷ್ಯ, ಮನೆಯ ತಾರಸಿಯ ಅಂಚಿಗೆ ಬರುವುದಿಲ್ಲ.

ಹತ್ತುವ ಮೊದಲು ಮಗಳು ನೆಲದ ಮೇಲೆಯೇ ಅಭ್ಯಾಸ ಮಾಡಿಸಿದಳು. ಉಕ್ಕಿನ ಹಗ್ಗವನ್ನು ಅಲ್ಲಲ್ಲಿ ಬಂಡೆಗೆ ಮೊಳೆ ಹೊಡೆದು ಬಿಗಿದಿರುತ್ತಾರೆ. ಕೊಂಡಿ ಆ ಮೊಳೆಯನ್ನು ದಾಟುವುದಿಲ್ಲ. ಅಲ್ಲಿಗೆ ಬಂದಾಗ ಒಂದು ಕೊಂಡಿ ಬಿಚ್ಚಿ ಮೊಳೆಯ ಆಚೆಗೆ ಸಿಕ್ಕಿಸಬೇಕು, ಆಮೇಲೆ ಎರಡನೆಯದು. ಎರಡನ್ನೂ ಒಟ್ಟಿಗೆ ಬಿಚ್ಚಲೇಬಾರದು. ಇದೊಂದನ್ನು ಅವಳು ನಾವೆಲ್ಲ ಬೇಸರಪಡುವಷ್ಟು ಸಲ ಹೇಳಿದಳು, ಮಾಡಿಸಿದಳು. ಟೀಚರು "ಗೊತ್ತಾಯ್ತು ಕಣವ್ವ" ಎಂದರು.

ಮುಂದೆ ಮಗಳು, ಅವಳ ಹಿಂದೆ ಟೀಚರು, ಆಮೇಲೆ ನಾನು, ನನ್ನ ಹಿಂದೆ ಹುಡುಗ, ಕೊನೆಯಲ್ಲಿ ಇನ್ನೊಬ್ಬ ಗೈಡು. ಮೊದಲ ಭಾಗ ಏಣಿ ಹತ್ತಿದ ಹಾಗೆ ಸುಲಭವಾಗಿತ್ತು. ಕೆಳಗೆ ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ಯಜಮಾನರು ಒಂದು ಬಿಳಿ ಚುಕ್ಕೆಯಾಗಿ ತಲೆ ಎತ್ತಿ ಕೂತಿದ್ದರು. ಕಾಲು ಮಾತ್ರ ಸರಿಯಾದ ಜಾಗದಲ್ಲಿತ್ತು. ಒಣ ಬಂಡೆ ಕಾಲನ್ನು ಹಿಡಿದುಕೊಳ್ಳುತ್ತದೆ. ಆಷಾಢದಲ್ಲಿ ನನ್ನನ್ನು ಬೀಳಿಸಿದ್ದು ಇದೇ ಬಂಡೆಯೇ ಎಂದು ನಂಬಲಾಗಲಿಲ್ಲ.

ಅರ್ಧ ದಾರಿ ಮೇಲೆ ದಾರಿ ಅಡ್ಡಕ್ಕೆ ತಿರುಗುತ್ತದೆ. ಬಂಡೆಗೆ ಎದೆ ಆನಿಸಿಕೊಂಡು, ಪಕ್ಕಕ್ಕೆ ಹೆಜ್ಜೆ ಹಾಕುತ್ತ ಹೋಗಬೇಕು. ಹಿಮ್ಮಡಿಯ ಕೆಳಗೆ ಬರೀ ಗಾಳಿ. ಮಗಳು ಮೊಳೆಯೊಂದನ್ನು ದಾಟಿ ಮುಂದೆ ಹೋಗಿ, ತಿರುಗಿ ಟೀಚರನ್ನು ನೋಡುತ್ತ ನಿಂತಿದ್ದಳು. ಟೀಚರು ಮೊಳೆಯ ಹತ್ತಿರ ಬಂದರು. ಮೊದಲ ಕೊಂಡಿ ಬಿಚ್ಚಿದರು. ಅದನ್ನು ಆಚೆಗೆ ಸಿಕ್ಕಿಸಲು ಹೋದರು, ಕೈಗೆ ಎಟುಕಲಿಲ್ಲ. ಬೆವರು ಒರೆಸಿಕೊಂಡರು. ಬಿಚ್ಚಿದ ಕೊಂಡಿಯನ್ನು ಹಾಗೇ ಇಳಿಬಿಟ್ಟು, ಇನ್ನಷ್ಟು ಮುಂದೆ ಹೋಗಲೆಂದೋ ಏನೋ, ಎರಡನೆಯ ಕೊಂಡಿಗೆ ಕೈ ಹಾಕಿದರು.

"ಏಯ್! ತಗಿ ಕೈನ ಅಲ್ಲಿಂದ!"

ನನ್ನ ಮಗಳ ದನಿ. ಮನೆಯಲ್ಲಿ ಒಂದು ದಿನವೂ ಆ ದನಿಯನ್ನು ನಾನು ಕೇಳಿರಲಿಲ್ಲ. ಬಂಡೆಗೆ ಬಡಿದು ವಾಪಸ್ಸು ಬಂತು. ಟೀಚರು ಕೈ ತೆಗೆದರು. ಬಂಡೆಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿಕೊಂಡರು. ಮಗಳು ತನ್ನ ಕೊಂಡಿಗಳನ್ನು ಜಾರಿಸುತ್ತ ಅವರ ಪಕ್ಕಕ್ಕೆ ಬಂದು, ಒಂದು ತೋಳನ್ನು ಅವರ ಬೆನ್ನಿನ ಮೇಲೆ ಹಾಕಿ, ಇನ್ನೊಂದು ಕೈಯಿಂದ ಜೋಲುತ್ತಿದ್ದ ಕೊಂಡಿಯನ್ನು ಹಿಡಿದು ಮೊಳೆಯ ಆಚೆಗೆ ಸಿಕ್ಕಿಸಿದಳು. ಟಕ್ ಎಂಬ ಸದ್ದು ನನಗೂ ಕೇಳಿಸಿತು.

"ಈಗ ಉಸಿರು ಬಿಡಿ ಆಂಟಿ. ಆಯ್ತು. ಇನ್ನೊಂದು ನೀವೇ ಹಾಕಿ."

ಟೀಚರು ಹಾಕಿದರು. ಅಲ್ಲಿಂದ ತುದಿಯವರೆಗೆ ಒಂದು ಮಾತಿಲ್ಲ, ಒಂದು ತಪ್ಪಿಲ್ಲ. ತುದಿಯಲ್ಲಿ ಚಪ್ಪಟೆ ಬಂಡೆಯ ಮೇಲೆ ಕೂತೆವು. ಕೆಳಗೆ ಕಬ್ಬಿನ ತಾಕುಗಳು, ಒಣಗಿದ ರಾಗಿ ಹೊಲಗಳು, ಅವುಗಳಾಚೆ ಕಾಡಿನ ನಡುವೆ ಹೊಳೆ ಬೆಳ್ಳಗೆ ಕಾಣುತ್ತಿತ್ತು. ಚೆಂದವಿತ್ತು ಎಂದು ಈಗ ಹೇಳಬಲ್ಲೆ. ಆಗ ನಾನು ಟೀಚರ ಮುಖವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹಿಂಬದಿಯ ಕಾಲುದಾರಿಯಲ್ಲಿ ಇಳಿಯುವಾಗ ಅವರು ಎಲ್ಲರಿಗಿಂತ ಮುಂದೆ ಒಬ್ಬರೇ ನಡೆದರು. ಹೆಲ್ಮೆಟ್ಟು, ಪಟ್ಟಿ ಬಿಚ್ಚಿ ಕೊಟ್ಟು, "ಬರ್ತೀವಿ" ಎಂದು ಕಾರು ಹತ್ತಿದರು.

ಆಮೇಲೆ ಫೋನಿಲ್ಲ. ಅಣ್ಣನಿಗೆ ಹೇಗೋ ಸುದ್ದಿ ಮುಟ್ಟಿ ಮನೆಗೇ ಬಂದ. "ಅತ್ತೆ ಆಗೋಳ್ಗೆ ಏಯ್ ಅಂದ್ಲಂತೆ! ತಗಿ ಅಂದ್ಲಂತೆ! ಇನ್ನು ಈ ಸೀಮೇಲಿ ಇವಳ್ನ ಯಾರ್ ಮಾಡ್ಕೊಂಡಾರು? ಏನಾರ ಮಾಡ್ಕಳಿ, ಇನ್ನ್ ನಾನು ಬರಾಕಿಲ್ಲ ಈ ಇಸ್ಯಕ್ಕೆ."

"ಬುಡಯ್ಯ ಅತ್ಲಾಗೆ," ಎಂದರು ನಮ್ಮ ಯಜಮಾನರು. "ಬ್ರೇಕ್ ಒಡೆಯೋವಾಗ ಯಾರಾದ್ರೂ ಬನ್ನಿ ಓಗಿ ಅಂತಾರಾ?"

ಮಗಳು ಆ ವಾರ ಬಂದಾಗ ಸರಿಯಾಗಿ ಉಣ್ಣಲಿಲ್ಲ. ಪಾತ್ರೆ ತೊಳೆಯುತ್ತ ನಿಂತವಳು ತಿರುಗದೆಯೇ ಹೇಳಿದಳು, "ಅವರನ್ನ ಆಂಟಿ, ದಯವಿಟ್ಟು ಅಂತ ಕೂಗೋಕೆ ಟೈಮಿರ್ಲಿಲ್ಲಮ್ಮ." ಗೊತ್ತು ಎಂದೆ. "ಅವರು ಇನ್ಯಾವತ್ತೂ ಬರಲ್ಲ ಅಲ್ವಾ?" ಎಂದಳು. ಹುಡುಗನನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಾಳೆ ಎಂದು ಅವಳ ಬೆನ್ನು ನೋಡಿದಾಗಲೇ ನನಗೆ ತಿಳಿದದ್ದು.

ಒಂದು ಮಧ್ಯಾಹ್ನ ನಾನು ಫಾರಂನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ಯಾರೋ ಕಾಣಲು ಬಂದಿದ್ದಾರೆ ಎಂದು ಕರೆದರು. ಹೊರಗೆ ಹೊಂಗೆಮರದ ಕೆಳಗೆ ಟೀಚರು ನಿಂತಿದ್ದರು. ಮದ್ದೂರಿನಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಕಲ್ಲುಬೆಂಚಿನ ಮೇಲೆ ಕೂತೆವು. ಡಬ್ಬಿ ಅವರ ಮುಂದೆಯೂ ಇಟ್ಟೆ. ಒಂದು ತುತ್ತು ತಿಂದು ಮಾತು ತೆಗೆದರು.

"ಆವತ್ತು ನನಗೆ ಸಿಟ್ಟು ಬಂದಿದ್ದು ನಿಜ. ಸುಳ್ಳು ಹೇಳಲ್ಲ. ಅಷ್ಟು ಜನದ ಮುಂದೆ, ನನ್ನ ಮಗನ ಮುಂದೆ ಹಂಗಂದ್ಲಲ್ಲ ಅಂತ. ಮನೆಗೆ ಹೋಗಿ ಕಾಫಿಗೆ ಇಟ್ಟೆ ನೋಡಿ, ಹಾಲು ಉಕ್ಕಿ ಒಲೆ ಮೇಲೆಲ್ಲ ಚೆಲ್ಲಿದ್ರೂ ಗೊತ್ತಾಗ್ಲಿಲ್ಲ. ಆ ಕೊಂಡಿ ಬಿಚ್ಚಿದ್ದಿದ್ರೆ ಏನಾಗ್ತಿತ್ತು ಅಂತ ಆಗ ತಲೆಗೆ ಹೋಗಿದ್ದು."

ನಾನು ಡಬ್ಬಿಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ.

"ನಮ್ಮೆಜಮಾನ್ರು ಹೋದ್ಮೇಲೆ ನನಗೆ ಜೋರು ಮಾಡೋರು ಯಾರೂ ಇಲ್ಲ. ಮಗ ಮಾಡಲ್ಲ. ಸ್ಕೂಲಲ್ಲಂತೂ ಯಾರಿಗೂ ಧೈರ್ಯ ಇಲ್ಲ. ನಿಮ್ ಮಗಳು ಮನೆಗೆ ಬಂದ್ರೆ ನಾವಿಬ್ರೂ ಜಗಳ ಆಡೋದು ಗ್ಯಾರಂಟಿ. ಅದನ್ನ ಈಗ್ಲೇ ಹೇಳಿರ್ತೀನಿ."

"ಹಾಗಾದ್ರೆ ನಿಮಗೆ ಒಪ್ಪಿಗೇನಾ?"

"ನನ್ನೇನು ಕೇಳ್ತೀರಿ? ಅವಳನ್ನ ಕೇಳಿ. ದಿನ ಕೊಡೋಳು ಅವಳೇ ಅಲ್ವಾ?" ಎಂದು ಕೈ ತೊಳೆಯಲು ಎದ್ದರು.

ಮಗಳು ದಿನ ಕೊಟ್ಟಳು. ಮಾಘ ಮಾಸದ ಒಳ್ಳೆ ಮುಹೂರ್ತಗಳೆಲ್ಲ ಬೇಡವೆಂದಳು, ಅದು ಬಂಡೆಗೆ ಜನ ಬರುವ ಕಾಲ. ಆಷಾಢ ಹೇಗೂ ಆಗದು. ಉಳಿದದ್ದು ವೈಶಾಖದ ಉರಿ ಬೇಸಿಗೆ. ಮಂಡ್ಯದ ಛತ್ರದಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ, ಜನರೇಟರು ಹತ್ತದೆ, ಬಂದವರೆಲ್ಲ ಲಗ್ನಪತ್ರಿಕೆಯಲ್ಲೇ ಗಾಳಿ ಬೀಸಿಕೊಂಡರು. ಬರುವುದಿಲ್ಲ ಎಂದಿದ್ದ ಅಣ್ಣ ಬಂದು ಎಲ್ಲರಿಗಿಂತ ಹೆಚ್ಚು ಓಡಾಡಿದ, ಬೆವರಿಗೆ ಷರ್ಟು ಬದಲಾಯಿಸುತ್ತಲೇ ಇದ್ದ. ಟೀಚರ ಸ್ಕೂಲಿನವರು ಊಟದ ಪಂಕ್ತಿಯಲ್ಲಿ ನನ್ನನ್ನು ಸುತ್ತಿಕೊಂಡು, ಟೀಚರು ಬಂಡೆ ಹತ್ತಿದ್ದು ನಿಜವಾ, ತಾವೂ ಹೋಗಬೇಕು, ಯಾವಾಗ ಹೋದರೆ ಒಳ್ಳೆಯದು ಎಂದು ಕೇಳಿದರು. ಸಂಕ್ರಾಂತಿ ಕಳೆದು ಶಿವರಾತ್ರಿಯ ಒಳಗೆ, ಬೆಳಗಿನ ಹೊತ್ತು, ಹೂ ಮುಡಿಯದೆ ಹೋಗಿ ಎಂದು ಹೇಳಿದೆ.

ಈಗ ಮಗಳು ಮದ್ದೂರಿನಿಂದ ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ಮಳೆಗಾಲದಲ್ಲಿ ಬಂಡೆಯ ಕೆಲಸ ಕಡಿಮೆ ಇರುವಾಗ ಬೆಲ್ಲದ ಅಂಗಡಿಯಲ್ಲಿ ಕೂರುತ್ತಾಳೆ. ಅತ್ತೆ ಸೊಸೆ ಜಗಳ ಆಡುತ್ತಾರೆ, ಬಾಗಿಲಲ್ಲಿ ಬಿಟ್ಟ ಕೆಸರು ಬೂಟಿಗೆ, ಸಾರಿಗೆ ಹಾಕಿದ ಹುಣಸೆಹಣ್ಣಿಗೆ. ಇಬ್ಬರೂ ಪ್ರತ್ಯೇಕವಾಗಿ ನನಗೆ ಫೋನ್ ಮಾಡಿ ದೂರು ಹೇಳುತ್ತಾರೆ. ಎರಡೂ ಕಡೆಯದನ್ನು ಕೇಳಿಸಿಕೊಂಡು, ಒಬ್ಬರದನ್ನು ಇನ್ನೊಬ್ಬರಿಗೆ ಹೇಳದೆ, ನಾನು ನನ್ನ ಕೆಲಸಕ್ಕೆ ಹೋಗುತ್ತೇನೆ.